ಹಸಿರು ಟಿಕ್ ಇಲ್ಲದ ಪುಸ್ತಕ

ಆಟಿ ತಿಂಗಳ ಒಂದು ಮಧ್ಯಾಹ್ನ ಕಪಾಟಿನ ಹಳೆ ಪುಸ್ತಕಗಳನ್ನೆಲ್ಲ ತೆಗೆದು ಚಾವಡಿಯಲ್ಲಿ ಹರವಿದ್ದೆ. ಉಡುಪಿಯ ಮಳೆಗಾಲದಲ್ಲಿ ಇದು ಪ್ರತಿ ವರ್ಷದ ಕೆಲಸ. ಬೂಷ್ಟು ಒರೆಸಬೇಕು, ಫ್ಯಾನಿನ ಕೆಳಗೆ ಪುಟ ಬಿಡಿಸಿಡಬೇಕು, ಕಹಿಬೇವಿನ ಎಲೆ ಬದಲಿಸಬೇಕು. ಆ ರಾಶಿಯಲ್ಲಿ ಬೆನ್ನು ಬಿಟ್ಟ ಒಂದು ಪೇಪರ್‌ಬ್ಯಾಕ್ ಸಿಕ್ಕಿತು. ವೋಚರ್ ಕಟ್ಟುವ ಬಿಳಿ ದಾರದಲ್ಲಿ ಅಪ್ಪಯ್ಯ ಅದಕ್ಕೆ ಮೂರು ಹೊಲಿಗೆ ಹಾಕಿದ್ದರು. ತೆರೆದರೆ ಪುಟದ ಅಂಚಿನಲ್ಲಿ ಹಸಿರು ಶಾಯಿಯ ಟಿಕ್‌ಗಳು. ಒಂದೊಂದೂ ಅಕ್ಕಿ ಕಾಳಿನಷ್ಟು ಉದ್ದ, ಅಷ್ಟೆ.

ಜಾನ್ ಲ ಕಾರೆ 1974ರಲ್ಲಿ ಬರೆದ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ' ಅದು. ಅದರ ಪಕ್ಕದಲ್ಲೇ ಹೊಳೆಯುವ ರಟ್ಟಿನ ಹೊಸ ಪುಸ್ತಕ ಇತ್ತು, 'ಕಾರ್ಲಾಸ್ ಚಾಯ್ಸ್'. 2024ರ ಅಕ್ಟೋಬರಿನಲ್ಲಿ ಬಂದದ್ದು. ಬರೆದವರು ಲ ಕಾರೆಯವರ ಮಗ ನಿಕ್ ಹಾರ್ಕವೇ. ಅಪ್ಪ ಸೃಷ್ಟಿಸಿದ ಗೂಢಚಾರ ಜಾರ್ಜ್ ಸ್ಮೈಲಿಯನ್ನು ಮಗ ಮತ್ತೆ ಎಬ್ಬಿಸಿ ಕೂರಿಸಿದ್ದಾರೆ. ಆ ಪುಸ್ತಕ ನಮ್ಮ ಮನೆಯೊಳಗೆ ಬಂದ ಮೇಲೆ ನಮ್ಮಲ್ಲಿ ನಡೆದ ಚರ್ಚೆ ಇನ್ನೂ ಮುಗಿದಿಲ್ಲ. ಒಬ್ಬೊಬ್ಬರದ್ದು ಒಂದೊಂದು ಅಭಿಪ್ರಾಯ. ಎಲ್ಲರ ಮಾತೂ ನನ್ನ ತಲೆಯಲ್ಲಿ ಓಡುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಪ್ಪಯ್ಯನ ಬಗ್ಗೆ ಹೇಳಬೇಕು. ನಮ್ಮ ಕರಾವಳಿ ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ಇಲ್ಲೇ ಹುಟ್ಟಿದವು. ಆಮೇಲೆ 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಹಾಗಾಗಿ ನಮ್ಮ ಕಡೆ ಮನೆಗೊಬ್ಬರಾದರೂ ಬ್ಯಾಂಕಿನವರು ಇರುತ್ತಾರೆ. ಅಪ್ಪಯ್ಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ತಿಂಗಳಿಗೆ ಇಪ್ಪತ್ತು ದಿನ ಊರೂರು ಸುತ್ತಿ ಬ್ರಾಂಚ್‌ಗಳ ಲೆಕ್ಕ ನೋಡುವುದೇ ಅವರ ಕೆಲಸ. ಚೀಲದಲ್ಲಿ ಒಂದು ಬೈರಾಸು, ಎರಡು ಅಂಗಿ, ಒಂದು ಪತ್ತೇದಾರಿ ಕಾದಂಬರಿ. ಶುರುವಾದದ್ದು ಎನ್. ನರಸಿಂಹಯ್ಯನವರ ಪುಸ್ತಕಗಳಿಂದ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿ, ಐನೂರಕ್ಕೂ ಜಾಸ್ತಿ ಕಾದಂಬರಿ ಬರೆದು ಕನ್ನಡದ ಮನೆಮನೆಯಲ್ಲಿ ಓದುಗರನ್ನು ಹುಟ್ಟಿಸಿದ ಮಹಾನುಭಾವರು ಅವರು. ಪತ್ತೇದಾರ ಪುರುಷೋತ್ತಮನ ಹೆಸರು ಹೇಳಿದರೆ ಅಪ್ಪಯ್ಯನ ಮುಖ ಅರಳುತ್ತಿತ್ತು. ಇಂಗ್ಲಿಷ್ ಪುಸ್ತಕಗಳಿಗೆ ಕೈ ಹಾಕಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಅಪ್ಪಯ್ಯ ಬಾಂಡ್ ಓದಿದರು, ಬದಿಗಿಟ್ಟರು. ಸ್ಮೈಲಿ ಓದಿದರು, ಸಾಯುವವರೆಗೆ ಬಿಡಲಿಲ್ಲ. ಕಾರಣ ಸುಲಭ. ಸ್ಮೈಲಿ ಕುಳ್ಳ, ದಪ್ಪ, ದಪ್ಪ ಗಾಜಿನ ಕನ್ನಡಕದವನು. ಅಂಗಿ ಕೋಟು ಯಾವುದೂ ಅಳತೆಗೆ ಸರಿಯಿಲ್ಲ. ಕನ್ನಡಕ ಒರೆಸುವುದು ಟೈಯ ಅಗಲವಾದ ತುದಿಯಿಂದ. ಬ್ರಿಟನ್ನಿನ ಗುಪ್ತಚರ ಇಲಾಖೆಯ ಒಳಗೇ ಕೂತ ದ್ರೋಹಿಯನ್ನು ಅವನು ಬಂದೂಕು ಹಿಡಿದು ಓಡಿಸಿಕೊಂಡು ಹೋಗುವುದಿಲ್ಲ. ಲಂಡನ್ನಿನ ಒಂದು ಸಣ್ಣ ಹೋಟೆಲಿನ ಕೋಣೆಯಲ್ಲಿ ಕೂತು ರಾತ್ರಿಯೆಲ್ಲ ಹಳೆ ಫೈಲು ಓದುತ್ತಾನೆ. ಯಾವ ಕಾಗದ ಇರಬೇಕಾದಲ್ಲಿ ಇಲ್ಲ, ಯಾವ ತಾರೀಕು ಹೊಂದುವುದಿಲ್ಲ, ಯಾರ ಸಹಿ ಎಲ್ಲಿ ತಪ್ಪಿದೆ ಅಂತ ನೋಡುತ್ತಾನೆ. ಇದು ಗೂಢಚಾರಿಕೆ ಅಲ್ಲ, ಇನ್‌ಸ್ಪೆಕ್ಷನ್ ಎನ್ನುತ್ತಿದ್ದರು ಅಪ್ಪಯ್ಯ. ಒಳಗಿನ ದ್ರೋಹಿಗೆ ಇಂಗ್ಲಿಷಿನಲ್ಲಿ 'ಮೋಲ್' ಅನ್ನುವ ಮಾತು ಜನರ ಬಾಯಿಗೆ ಬಂದದ್ದೇ ಲ ಕಾರೆಯವರಿಂದ. ಅಪ್ಪಯ್ಯ ಅದನ್ನು 'ಹೆಗ್ಗಣ' ಎಂದು ಕರೆದರು. ನೆಲದ ಕೆಳಗಿಂದ ಕೊರೆದು ಅಡಿಪಾಯ ಸಡಿಲ ಮಾಡುವವನಿಗೆ ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಹೆಸರು ಇಲ್ಲ.

ಸಸ್ಪೆನ್ಸ್ ಬಗ್ಗೆ ಅವರದೊಂದು ಮಾತಿತ್ತು. ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಅಂತ ಇರುತ್ತದೆ. ಎಲ್ಲಿಗೆ ಸೇರಬೇಕು ಅಂತ ಗೊತ್ತಾಗದ ಹಣವನ್ನು ಸದ್ಯಕ್ಕೆ ಅಲ್ಲಿ ಇಡುತ್ತಾರೆ. "ಸಸ್ಪೆನ್ಸ್ ಅಂದ್ರೆ ಗುಂಡು ಹಾರುದಲ್ಲ ಮಗ. ಒಂದು ಎಂಟ್ರಿ ತನ್ನ ಜಾಗ ಸಿಗದೆ ಕೂತಿರ್ತದಲ್ಲ, ಅದು" ಎನ್ನುತ್ತಿದ್ದರು.

ಹಸಿರು ಟಿಕ್ ಬಿದ್ದದ್ದು ಹೀಗೆ. ಒಂದು ಪುಸ್ತಕದ ವಿವರ ಇನ್ನೊಂದರ ಜೊತೆ ತಾಳೆಯಾದರೆ ಟಿಕ್. ಆಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ. 1961ರ ಮೊದಲ ಕಾದಂಬರಿ 'ಕಾಲ್ ಫಾರ್ ದ ಡೆಡ್'ನಲ್ಲಿ ಸ್ಮೈಲಿ ಕೆಲಸಕ್ಕೆ ಸೇರಿದ್ದು 1928ರಲ್ಲಿ. ಆ ಲೆಕ್ಕದಲ್ಲಿ 'ಟಿಂಕರ್ ಟೇಲರ್' ಹೊತ್ತಿಗೆ ಅವನಿಗೆ ವಯಸ್ಸು ತುಂಬಾ ಆಗಿಬಿಡುತ್ತದೆ. ಹಾಗಾಗಿ ಲ ಕಾರೆ ಅವನನ್ನು ಸುಮ್ಮನೆ ಸುಮಾರು ಹತ್ತು ವರ್ಷ ಚಿಕ್ಕವನನ್ನಾಗಿ ಮಾಡಿಬಿಟ್ಟರು. ಅಲ್ಲಿ ಅಪ್ಪಯ್ಯನ ಬರಹ ಹೀಗಿದೆ: "ಸರ್ವಿಸ್ ರಿಜಿಸ್ಟರ್ ತಾಳೆ ಇಲ್ಲ. ಆದರೂ ಮನುಷ್ಯ ಅವನೇ."

ಇನ್ನೊಂದು ಪುಟ ಇದೆ. ಅದನ್ನು ಎಷ್ಟು ಸಲ ಓದಿದ್ದಾರೋ, ಮೂಲೆ ಬಟ್ಟೆಯ ಹಾಗೆ ಮೆತ್ತಗಾಗಿದೆ. ಸ್ಮೈಲಿ 1955ರ ದೆಹಲಿಯ ಕಥೆ ಹೇಳುವ ಪುಟ. ಅಲ್ಲಿನ ಜೈಲಿನಲ್ಲಿ ಒಬ್ಬ ರಷ್ಯನ್ ಏಜೆಂಟ್ ಸಿಕ್ಕಿಬಿದ್ದಿದ್ದಾನೆ. ಅವನನ್ನು ತಮ್ಮ ಕಡೆಗೆ ಒಲಿಸಿಕೊಳ್ಳಲು ಸ್ಮೈಲಿ ಹೋಗುತ್ತಾನೆ. ತಡೆಯಲಾಗದ ಸೆಕೆ. ಎದುರಿಗೆ ಕೂತವನು ಒಂದು ಮಾತೂ ಆಡುವುದಿಲ್ಲ. ಆ ಮೌನ ತಡೆಯಲಾಗದೆ ಸ್ಮೈಲಿಯೇ ಮಾತಾಡುತ್ತಾ ಹೋಗುತ್ತಾನೆ. ಹೆಂಡತಿಯ ವಿಷಯ, ಸಂಸಾರದ ವಿಷಯ, ತನ್ನೊಳಗಿದ್ದದ್ದೆಲ್ಲ ಹೊರಗೆ ಬರುತ್ತದೆ. ಸಿಗರೇಟು ಪ್ಯಾಕ್ ಕೊಡುತ್ತಾನೆ, ಹೆಂಡತಿ ಆನ್ ಉಡುಗೊರೆಯಾಗಿ ಕೊಟ್ಟ ಲೈಟರನ್ನೂ ಕೊಡುತ್ತಾನೆ. ಕೈದಿ ಸಿಗರೇಟು ಪ್ಯಾಕನ್ನು ಒಡೆಯದೆ ಅಲ್ಲೇ ಬಿಟ್ಟು, ಲೈಟರ್ ಮಾತ್ರ ತೆಗೆದುಕೊಂಡು ರಷ್ಯಾಕ್ಕೆ ಹೊರಟುಹೋಗುತ್ತಾನೆ. ಅವನೇ ಕಾರ್ಲಾ. ಮುಂದೆ ಸ್ಮೈಲಿಯ ಜೀವನವಿಡೀ ಎದುರಾಳಿಯಾಗಿ ಉಳಿದವನು.

ಅಪ್ಪಯ್ಯನಿಗೂ ಅಂಥದ್ದೊಂದು ಸಂಜೆ ಇತ್ತು. ಘಟ್ಟದ ಮೇಲಿನ ಒಂದು ಬ್ರಾಂಚ್. ಮಳೆಗೆ ಕರೆಂಟ್ ಹೋಗಿ ಮೇಜಿನ ಮೇಲೆ ಚಿಮಿಣಿ ದೀಪ. ಸಸ್ಪೆನ್ಸ್ ಖಾತೆಯಲ್ಲಿ ಒಂದು ಮೊತ್ತ ತಿಂಗಳುಗಟ್ಟಲೆ ಹಾಗೇ ಕೂತಿತ್ತು. ಕ್ಯಾಶ್ ನೋಡುತ್ತಿದ್ದ ಹುಡುಗನನ್ನು ಕೂರಿಸಿ ಕೇಳಿದರು. ಅವನು ಲೋಟದ ಕಾಫಿಯನ್ನೇ ನೋಡುತ್ತಿದ್ದ. ಅವನಿಗೆ ಧೈರ್ಯ ಬರಲಿ ಅಂತ ಅಪ್ಪಯ್ಯ ತಮ್ಮ ಕಷ್ಟ ಹೇಳಿಕೊಂಡರು. ನನಗೆ ಟೈಫಾಯ್ಡ್ ಬಂದದ್ದು, ಅಜ್ಜಿಯ ಕಣ್ಣಿನ ಆಪರೇಷನ್, ಮನೆ ಸಾಲ. ಹುಡುಗ ತಲೆ ಎತ್ತಲಿಲ್ಲ. ಕಾಫಿ ಕೆನೆಗಟ್ಟಿತು. ಮಾರನೇ ದಿನ ಅವನು ರಜೆ ಹಾಕಿ ಹೋದ, ವಿಷಯ ಹೆಡ್ಡಾಫೀಸಿಗೆ ಹೋಯಿತು. "ಅವನ ಬಗ್ಗೆ ನನಗೆ ಎಂತದೂ ಗೊತ್ತಾಗ್ಲಿಲ್ಲ. ನನ್ನ ಮನೆಯ ವಿಷಯ ಅವನಿಗೆ ಪೂರ್ತಿ ಗೊತ್ತಾಯ್ತು" ಎಂದು ನಿವೃತ್ತಿಯಾದ ಮೇಲೂ ಹೇಳುತ್ತಿದ್ದರು. ದೆಹಲಿಯ ಆ ಪುಟ ಅವರನ್ನು ಯಾಕೆ ಹಿಡಿದಿತ್ತು ಅಂತ ನನಗೆ ಅರ್ಥವಾದದ್ದು ಆ ಕಥೆ ಕೇಳಿದ ಮೇಲೆ.

ಅಪ್ಪಯ್ಯ 2019ರಲ್ಲಿ ತೀರಿಕೊಂಡರು. ಮರುವರ್ಷ ಡಿಸೆಂಬರ್ 12ಕ್ಕೆ ಲ ಕಾರೆ. ಆ ಸುದ್ದಿ ಓದಿದ ದಿನ ನಾನು ಈ ಹಸಿರು ಟಿಕ್‌ಗಳನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದೆ. ಇನ್ನು ಮುಂದೆ ಸ್ಮೈಲಿ ಇಲ್ಲ ಅಂದುಕೊಂಡಿದ್ದೆ.

ಹೊಸ ಪುಸ್ತಕ ಬರುತ್ತದೆ ಅಂತ ಗೊತ್ತಾದಾಗ ಮೊದಲು ಜಗಳ ತೆಗೆದವರು ಅಪ್ಪಯ್ಯನ ಬ್ಯಾಂಕಿನ ಸ್ನೇಹಿತರು. ರಥಬೀದಿಯ ಹತ್ತಿರ ಅವರ ಮನೆ. ನಾವೆಲ್ಲ ಅವರನ್ನು ಮಾಮ ಎಂದೇ ಕರೆಯುವುದು. ಎಂಬತ್ತರ ಹತ್ತಿರದ ಪ್ರಾಯ. ಅಪ್ಪಯ್ಯನೂ ಅವರೂ ಒಂದೇ ಪ್ರತಿಯನ್ನು ಹಂಚಿಕೊಂಡು ಓದಿದವರು. "ಬರೆದವ ಹೋದ ಮೇಲೆ ಖಾತೆ ಕ್ಲೋಸ್ ಮಾರಾಯ್ತಿ. ಮಗ ಬಂದು ಹಿಂದಿನ ತಾರೀಕು ಹಾಕಿ ಎಂಟ್ರಿ ಮಾಡ್ಲಿಕ್ಕೆ ಆಗ್ತದಾ?" ಎಂದರು. ಬ್ಯಾಂಕಿನವರ ಬಾಯಲ್ಲಿ ಇದಕ್ಕಿಂತ ದೊಡ್ಡ ಆರೋಪ ಇಲ್ಲ.

ಮಂಗಳೂರಿನ ಭಾವನದು ಪೂರ್ತಿ ಉಲ್ಟಾ. ಅವರು ಬಾಂಡ್ ಅಭಿಮಾನಿ. 'ಜೇಡರ ಬಲೆ'ಯ ರಾಜ್‌ಕುಮಾರರಿಂದ ಹಿಡಿದು ಎಲ್ಲ ಗೂಢಚಾರರೂ ಅವರಿಗೆ ಬೇಕು. ಅವರ ವಾದ ಹೀಗೆ: ಇಯಾನ್ ಫ್ಲೆಮಿಂಗ್ 1964ರಲ್ಲಿ ತೀರಿಕೊಂಡರು. ಬಾಂಡ್ ಸತ್ತನಾ? 1968ರಲ್ಲಿ ಕಿಂಗ್ಸ್‌ಲಿ ಏಮಿಸ್ ಬೇರೆ ಹೆಸರಿನಲ್ಲಿ ಒಂದು ಬರೆದರು. 1981ರಿಂದ ಜಾನ್ ಗಾರ್ಡ್ನರ್ ಬರೆಯುತ್ತಾ ಹೋದರು, ಅವರದು ಸ್ವಂತ ಕಥೆಗಳೇ 14. ಫ್ಲೆಮಿಂಗ್ ಬರೆದ ಕಾದಂಬರಿಗಳೇ 12. ಇತ್ತೀಚೆಗೆ ಆಂಟನಿ ಹೊರೊವಿಟ್ಸ್ 2015, 2018, 2022ರಲ್ಲಿ ಮೂರು ಬರೆದರು. ಓದುಗರು ಎಲ್ಲವನ್ನೂ ಓದಿದರು. ಹಾಗಿರುವಾಗ ಸ್ಮೈಲಿಗೆ ಮಾತ್ರ ಯಾಕೆ ಬೇರೆ ಕಾನೂನು?

ಭಾವನ ಲೆಕ್ಕ ಸರಿಯೇ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಅಂತ ಹೇಳಲು ನಮ್ಮೂರಿನ ಮಾತೇ ಬೇಕು. ನಮ್ಮಲ್ಲಿ ಆಟ ಬೇರೆ, ಕೂಟ ಬೇರೆ. ಆಟ ಅಂದರೆ ವೇಷ ಕಟ್ಟಿ ಕುಣಿಯುವ ಯಕ್ಷಗಾನ. ಕೂಟ ಅಂದರೆ ತಾಳಮದ್ದಳೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದು ಮಾತ್ರ. ಬಾಂಡ್ ಆಟದವನು. ಕೋಟು, ಕಾರು, ಮದ್ಯದ ಗ್ಲಾಸು, ಆ ಒಂದು ಗತ್ತು, ಇಷ್ಟಿದ್ದರೆ ಅವನು ರಂಗಕ್ಕೆ ಬಂದೇ ಬಂದ. ಚೌಕಿಯಲ್ಲಿ ಬಣ್ಣ ಹಾಕಿಕೊಂಡವರು ಯಾರೇ ಆಗಲಿ, ಕಿರೀಟ ಸರಿಯಾಗಿ ಕೂತರೆ ಜನ ಒಪ್ಪುತ್ತಾರೆ. ಸ್ಮೈಲಿ ಕೂಟದವನು. ಅವನಿಗೆ ಕಿರೀಟವೇ ಇಲ್ಲ. ಅವನು ಯೋಚಿಸುವ ರೀತಿ, ತಡೆದು ತಡೆದು ಆಡುವ ಮಾತು, ಇಷ್ಟೇ ಅವನ ಆಸ್ತಿ. ಅದು ತಪ್ಪಿದರೆ ಅಲ್ಲಿ ಸ್ಮೈಲಿಯೇ ಇರುವುದಿಲ್ಲ.

ಆದರೆ ಇದೇ ಕೂಟ ಮಾಮನ ಮಾತಿಗೂ ಉತ್ತರ ಕೊಡುತ್ತದೆ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಬದಲಾಗುವುದಿಲ್ಲ, ಅರ್ಥ ಹೇಳುವವರು ಬದಲಾಗುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದವರು ಮಲ್ಪೆಯ ಸಾಮಗ ಸಹೋದರರ ಅರ್ಥವನ್ನೂ ಕೇಳಿದರು. ಸಾಮಗರ ಮನೆಯ ಮುಂದಿನ ತಲೆಮಾರೂ ಅರ್ಥ ಹೇಳಿತು. ಕರ್ಣ ಕೊನೆಗೆ ಸಾಯುತ್ತಾನೆ ಅಂತ ಸಭೆಯಲ್ಲಿದ್ದ ಚಿಕ್ಕ ಮಗುವಿಗೂ ಗೊತ್ತು. ಆದರೂ ಬೆಳಗಿನವರೆಗೆ ಕೂರುತ್ತೇವೆ. ಸಾಯುವ ಮೊದಲು ಇವತ್ತಿನ ಕರ್ಣ ಏನು ಹೇಳುತ್ತಾನೆ ಅಂತ ಕೇಳಬೇಕಲ್ವಾ!

'ಕಾರ್ಲಾಸ್ ಚಾಯ್ಸ್' ಬಗ್ಗೆ ಕೆಲವರು ಹೇಳುವ ದೊಡ್ಡ ದೂರು ಇದೇ. ಕಥೆ ನಡೆಯುವುದು 1963ರಲ್ಲಿ. ಲ ಕಾರೆಯವರದೇ 'ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್' ಮುಗಿದ ಮೇಲೆ, 'ಟಿಂಕರ್ ಟೇಲರ್' ಶುರುವಾಗುವ ಮೊದಲು. ಹಾಗಾಗಿ ಯಾರು ಉಳಿಯುತ್ತಾರೆ, ಯಾರು ಹೆಗ್ಗಣ ಎಂಬುದು ಹಳೆ ಓದುಗರಿಗೆ ಮೊದಲೇ ಗೊತ್ತು. ಹಾಗಾದರೆ ಕುತೂಹಲ ಎಲ್ಲಿ ಅಂತ ಕೇಳುತ್ತಾರೆ. ನನಗೆ ಈ ದೂರು ಹಿಡಿಸುವುದಿಲ್ಲ. ಗೊತ್ತಿದ್ದರೇ ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ. ಮುಂದೆ ದ್ರೋಹ ಮಾಡುವವನು ಇಲ್ಲಿ ನಗುನಗುತ್ತಾ ಬಾಗಿಲಲ್ಲಿ ನಿಂತಿದ್ದರೆ, ನನ್ನ ಕೈ ಪುಟದ ಮೇಲೆ ಹಾಗೇ ನಿಂತುಬಿಡುತ್ತದೆ.

ಕಥೆಯ ಮೊದಲ ಎಳೆ ಮಾತ್ರ ಹೇಳುತ್ತೇನೆ. ಲಂಡನ್ನಿನಲ್ಲಿ ಲೇಖಕರ ಪುಸ್ತಕಗಳಿಗೆ ಪ್ರಕಾಶಕರನ್ನು ಹುಡುಕಿಕೊಡುವ ಒಂದು ಸಣ್ಣ ಆಫೀಸು. ಹಂಗೇರಿಯಿಂದ ಬಂದ ಸುಸಾನಾ ಅಲ್ಲಿ ಕೆಲಸಕ್ಕಿದ್ದಾಳೆ. 1956ರಲ್ಲಿ ಹಂಗೇರಿಯ ಜನ ದಂಗೆ ಎದ್ದಾಗ ಸೋವಿಯತ್ ಟ್ಯಾಂಕುಗಳು ಬಂದು ಅದನ್ನು ಹೊಸಕಿ ಹಾಕಿದವು. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಆ ಗಾಯ ಈ ಕಥೆಯ ಅಡಿಯಲ್ಲಿದೆ. ಒಂದು ದಿನ ಆಫೀಸಿನ ಬಾಗಿಲಿಗೆ ಒಬ್ಬ ಬರುತ್ತಾನೆ. ನಿಮ್ಮ ಯಜಮಾನನನ್ನು ಕೊಲ್ಲಲು ನನ್ನನ್ನು ಕಳಿಸಿದ್ದಾರೆ, ಆದರೆ ನಾನು ಕೊಲ್ಲುವುದಿಲ್ಲ ಎನ್ನುತ್ತಾನೆ. ಯಜಮಾನ ಅಷ್ಟರಲ್ಲಿ ಮಾಯ. ಕೆಲಸ ಬಿಟ್ಟು, ಹೆಂಡತಿ ಆನ್ ಜೊತೆ ನೆಮ್ಮದಿಯಾಗಿದ್ದ ಸ್ಮೈಲಿಯನ್ನು ಹಳೆ ಸಾಹೇಬರು ಕರೆಸುತ್ತಾರೆ. ಒಂದು ಸಣ್ಣ ಕೆಲಸ, ಆ ಹುಡುಗಿಯ ಜೊತೆ ಮಾತಾಡಿ ಬಾ, ಅಷ್ಟೆ ಅಂತ.

ಇಲ್ಲಿ ನಾನು ಪುಸ್ತಕ ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಮಳೆ ನೋಡಿದೆ. ಸುಸಾನಾಳ ಎದುರು ಕೂತ ಸ್ಮೈಲಿ ಕೇಳಿಸಿಕೊಳ್ಳುವವನು. ದೆಹಲಿಯಲ್ಲಿ 1955ರಲ್ಲಿ ತಾನೇ ಮಾತಾಡಿ ಸೋತವನು, 1963ರಲ್ಲಿ ಎದುರಿಗಿರುವವರು ಮಾತಾಡಲಿ ಅಂತ ಬಿಟ್ಟು ಕೂತಿದ್ದಾನೆ. ಎಂಟು ವರ್ಷದಲ್ಲಿ ಅವನು ಕಲಿತ ಪಾಠ ಅದು. ಮಗ ಅದನ್ನು ಎಲ್ಲೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅಪ್ಪನ ಪುಸ್ತಕದ ಒಂದು ಎಂಟ್ರಿಗೆ ಇಲ್ಲಿ ತಾಳೆಯಾಗುವ ಇನ್ನೊಂದು ಎಂಟ್ರಿ ಸಿಕ್ಕಿತು ನನಗೆ. ಅಪ್ಪಯ್ಯ ಇದ್ದಿದ್ದರೆ ಅಲ್ಲಿ ಟಿಕ್ ಬೀಳುತ್ತಿತ್ತು, ಖಂಡಿತ.

ಹಾರ್ಕವೇ ಹುಟ್ಟಿದ್ದು 1972ರಲ್ಲಿ. 'ಟಿಂಕರ್ ಟೇಲರ್' ಬಂದದ್ದು 1974ರಲ್ಲಿ. ಮಗು ನಡೆಯಲು ಕಲಿಯುವ ಹೊತ್ತಿಗೆ ಅದೇ ಮನೆಯಲ್ಲಿ ಸ್ಮೈಲಿಯೂ ಬೆಳೆಯುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಉಳಿದಿದ್ದ 'ಸಿಲ್ವರ್‌ವ್ಯೂ' ಎಂಬ ಹಸ್ತಪ್ರತಿಯನ್ನು ಸರಿಮಾಡಿ 2021ರಲ್ಲಿ ಹೊರತಂದದ್ದೂ ಈ ಮಗನೇ. ಆ ದನಿ ಅವರ ಕಿವಿಯಲ್ಲಿದೆ. 'ಕಾರ್ಲಾಸ್ ಚಾಯ್ಸ್'ನ ಮೊದಲ ನೂರು ಪುಟ ಓದುವಾಗ ಎಷ್ಟೋ ಕಡೆ ಬರೆದವರು ಯಾರು ಅಂತ ನನಗೆ ಮರೆತುಹೋಯಿತು.

ಒಂದು ವಿಷಯದಲ್ಲಿ ಮಾತ್ರ ನನಗೆ ಕೊರತೆ ಕಂಡಿತು. ಲ ಕಾರೆಯವರ ಸಿಟ್ಟು ಇದರಲ್ಲಿ ಇಲ್ಲ. ಅವರು ಸ್ವತಃ ಆ ಇಲಾಖೆಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ಜರ್ಮನಿಯಲ್ಲೇ ಕೆಲಸದಲ್ಲಿದ್ದರು. 1963ರ ಜನವರಿಯಲ್ಲಿ ಕಿಮ್ ಫಿಲ್ಬಿ ಎಂಬ ನಿಜವಾದ ಹೆಗ್ಗಣ ಮಾಸ್ಕೋಗೆ ಓಡಿಹೋದಾಗ ಅದೇ ಇಲಾಖೆಯ ಒಳಗಿದ್ದರು. ಆ ಕಾವು ಅವರ ವಾಕ್ಯಗಳಲ್ಲಿತ್ತು. ನಮ್ಮ ಕಡೆಯವರೂ ಎದುರಿನವರಷ್ಟೇ ಕೆಟ್ಟವರು ಎಂದು ಹೇಳುವಾಗ ಅವರ ಕೈ ನಡುಗುತ್ತಿತ್ತೇನೋ ಅನಿಸುತ್ತದೆ. ಮಗನಿಗೆ 1963 ಎಂದರೆ ತಾನು ಹುಟ್ಟುವ ಮೊದಲಿನ ಕಾಲ. ಅವರು ಈ ಜನರನ್ನು ಪ್ರೀತಿಯಿಂದ ನೋಡುತ್ತಾರೆ, ಎಲ್ಲರನ್ನೂ. ಕಥೆ ವಿಯೆನ್ನಾ, ಬುಡಾಪೆಸ್ಟ್ ಕಡೆ ಹೊರಟ ಮೇಲೆ ಓಟ ಜಾಸ್ತಿಯಾಗುತ್ತದೆ. ನನಗೆ ಬೇಕಾದದ್ದು ಆ ಕೋಣೆ, ಆ ಎರಡು ಕುರ್ಚಿ.

ಅಕ್ಕನ ಮಗಳು ಮಣಿಪಾಲದಲ್ಲಿ ಓದುತ್ತಾಳೆ. ಹಳೆಯದು ಒಂದನ್ನೂ ಓದದೆ ಸೀದಾ ಹೊಸದನ್ನೇ ಓದಿದಳು, ಎರಡೇ ರಾತ್ರಿಯಲ್ಲಿ. ಅವಳಿಗೆ ಸುಸಾನಾ ಇಷ್ಟವಾದಳು. ಆಮೇಲೆ ಹಸಿರು ಟಿಕ್‌ನ ಪುಸ್ತಕ ತೆಗೆದುಕೊಂಡು ಹೋಗಿ ಓದಿ ಬಂದು, "ಚಿಕ್ಕಮ್ಮ, ಅಜ್ಜನ ಪುಸ್ತಕದಲ್ಲಿ ಆನ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಅವಳು ಮಾತ್ರ ಮನೆಯಲ್ಲೇ ಇರುದಿಲ್ಲ. ಇದರಲ್ಲಿ ಅವಳು ಇದ್ದಾಳೆ" ಎಂದಳು. ಇಷ್ಟು ವರ್ಷ ಓದಿದ ನನಗೆ ಇದು ಹೊಳೆದಿರಲಿಲ್ಲ. ಹಳೆ ಪುಸ್ತಕಗಳಲ್ಲಿ ಆನ್ ಎಂದರೆ ಬಿಟ್ಟುಹೋದವಳು. ಸ್ಮೈಲಿಗೆ ಕೈಹಿಡಿದವಳಿಂದ ಬಂದದ್ದು ನೋವು ಮಾತ್ರ ಅಂತ ನಾನೂ ನಂಬಿಕೊಂಡಿದ್ದೆ.

ಮಾಮ ಹೊಸ ಪುಸ್ತಕ ಓದುವುದೇ ಇಲ್ಲ ಎಂದಿದ್ದರು. ಶ್ರಾವಣದಲ್ಲಿ ಒಂದು ದಿನ ಮನೆಗೆ ಬಂದವರು ಹೋಗುವಾಗ ಮೇಜಿನ ಮೇಲಿದ್ದದ್ದನ್ನು ಕೈಗೆತ್ತಿಕೊಂಡು, "ಸುಮ್ನೆ ನೋಡ್ತೇನೆ" ಎಂದು ಒಯ್ದರು. ಮೂರು ವಾರ ಸುದ್ದಿ ಇಲ್ಲ. ಆಮೇಲೆ ಪೇಪರಿನಲ್ಲಿ ಸುತ್ತಿ ಕಳಿಸಿಕೊಟ್ಟರು. ಒಳಗೆ ಒಂದು ಚೀಟಿ. ಇನ್‌ಸ್ಪೆಕ್ಷನ್ ಕ್ವೆರಿ ಬರೆಯುವ ಹಾಗೆಯೇ ಎಡಗಡೆ ಪುಟದ ಸಂಖ್ಯೆ, ಬಲಗಡೆ ಪ್ರಶ್ನೆ. ಪ್ರಶ್ನೆ ಒಂದೇ: "ಈ ಮನುಷ್ಯ ಹೆಂಡತಿಯ ಜೊತೆ ಖುಷಿಯಾಗಿದ್ದ ಎಂಬುದಕ್ಕೆ ಹಿಂದಿನ ದಾಖಲೆ ಎಲ್ಲಿದೆ? ತೋರಿಸಿ."

ಎರಡು ದಿನ ಅದನ್ನೇ ಯೋಚಿಸಿದೆ. ಹುಡುಕಲು ಹೊರಟರೆ ಸಿಗುವುದೆಲ್ಲ ಅವಳು ಹೋದದ್ದು, ಅವನು ಕಾದದ್ದು. ಮೂರನೇ ದಿನ ಬೆಳಿಗ್ಗೆ ದೋಸೆ ಹೊಯ್ಯುವಾಗ ನೆನಪಾಯಿತು, ಲೈಟರ್! ಗ್ಯಾಸ್ ಆರಿಸಿ ಹೋಗಿ ಪುಟ ತೆಗೆದೆ. ಆ ಲೈಟರಿನ ಮೇಲೆ ಆನ್ ಕೆತ್ತಿಸಿದ ಅಕ್ಷರಗಳು ಇವೆ. ಜಾರ್ಜ್‌ಗೆ, ಆನ್‌ಳಿಂದ, ಪೂರ್ತಿ ಪ್ರೀತಿಯಿಂದ ಎಂಬರ್ಥದ ಒಂದು ಸಾಲು. ದೆಹಲಿಗೂ ಮೊದಲು ಯಾವತ್ತೋ ಒಂದು ದಿನ ಅವಳು ಅಂಗಡಿಗೆ ಹೋಗಿ, ಬಾಯಿಬಿಟ್ಟು ಹೇಳಿ ಅದನ್ನು ಕೆತ್ತಿಸಿದ್ದಾಳೆ. ಆ ಸಾಲಿನ ಪಕ್ಕದಲ್ಲಿ ಅಪ್ಪಯ್ಯನ ಹಸಿರು ಟಿಕ್ ಇತ್ತು. ಇಷ್ಟು ವರ್ಷ ಅದನ್ನು ಕಾರ್ಲಾನ ಲೆಕ್ಕಕ್ಕೆ ಹಾಕಿದ ಟಿಕ್ ಅಂತಲೇ ತಿಳಿದಿದ್ದೆ.

ಭಾನುವಾರ ಎರಡೂ ಪುಸ್ತಕ ಹಿಡಿದು ರಥಬೀದಿಗೆ ಹೋದೆ. ಮಾಮ ಜಗಲಿಯಲ್ಲೇ ಕೂತಿದ್ದರು. ಹಳೆಯದನ್ನು ತೆರೆದು ಕೊಟ್ಟೆ. ಭೂತಗನ್ನಡಿ ಹಿಡಿದು ಆ ಸಾಲು ಓದಿದರು. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿದರು. ಟಿಕ್‌ನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಹಾಗೇ ಇದ್ದರು. ಆಮೇಲೆ ತಮ್ಮ ಚೀಟಿಯನ್ನು ಹೊಸ ಪುಸ್ತಕದಿಂದ ತೆಗೆದು ಆ ಹಳೆ ಪುಟದ ನಡುವೆ ಇಟ್ಟರು.

"ಇದನ್ನು ಒಂದು ವಾರ ಇಟ್ಟುಕೊಳ್ಳಲಾ?" ಎಂದು ಕೇಳಿದರು. ಮಳೆ ಬರುವ ಹಾಗಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವರ ಕೈಗೆ ಕೊಟ್ಟು ಬಂದೆ.